ನಾನೂರ ಹನ್ನೆರಡನೆಯ ಮನೆ

“ಕ್ಷಮಿಸಪ್ಪಾ, ಕೈ ತಪ್ಪಿ ಒಡೀತು,” ಎಂದು ನಮ್ಮ ಅತ್ತೆ ಪರದೆಯೊಳಗಿನ ಗೊಂಬೆ ಮನುಷ್ಯನಿಗೆ ಹೇಳಿದರು.

ಅವನ ಮನೆಯ ಮಡಕೆ ಒಡೆದದ್ದಕ್ಕೆ ಪರದೆಯ ಮೂಲೆಯಲ್ಲಿ ಹತ್ತು ಅಂಕ ಮಿನುಗಿತು. ಅತ್ತೆಗೆ ಅದರಿಂದ ಇನ್ನಷ್ಟು ಬೇಸರವಾಯಿತು. “ಕಂಡವರ ಮನೆಗೆ ನುಗ್ಗಿ ಮಡಕೆ ಒಡೆದ್ರೆ ಬಹುಮಾನ ಕೊಡ್ತಾರಲ್ಲೇ. ಇದನ್ನ ಮಾಡಿದವರಿಗೆ ಮನೆಯಲ್ಲಿ ದೊಡ್ಡವರು ಯಾರೂ ಇಲ್ವಾ?”

“ನೀವು ಮಡಕೆ ಬಿಡಿ ಅತ್ತೆ, ಬೆಂಚು ನೋಡಿ,” ಎಂದೆ.

ಅತ್ತೆ ಅಂದರೆ ನನ್ನ ಗಂಡನ ತಾಯಿ, ವಯಸ್ಸು ಎಪ್ಪತ್ತಮೂರು. ನನ್ನ ವಿಸಿಟಿಂಗ್ ಕಾರ್ಡಿನ ಪ್ರಕಾರ ನಾನು ಪತ್ತೇದಾರಿಣಿ, ಅವರು ಸಹಾಯಕಿ. ಅವರು ತಮಗೆಂದು ಬೇರೆಯೇ ಒಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದಾರೆ. ಅದರ ಪ್ರಕಾರ ಸಹಾಯಕಿ ನಾನು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರಲಿ ಅಂತ ಇಪ್ಪತ್ತೆರಡು ವರ್ಷದಿಂದ ಕಾದಿದ್ದೇನೆ.

ಮೂರು ದಿನದಿಂದ ನಾವಿಬ್ಬರೂ ಈ ವಿಡಿಯೋ ಗೇಮ್ ಕಂಪನಿಯ ಮೂರನೆಯ ಮಹಡಿಯಲ್ಲೇ ಬೀಡು ಬಿಟ್ಟಿದ್ದೆವು. ಕೇಸು ಇಷ್ಟೇ. ದೂರದ ಬೆಟ್ಟದ ನಾಡಿನ ಜನರ ಬಗ್ಗೆ ಇವರೊಂದು ಆಟ ಮಾಡಿದ್ದಾರೆ. ಅದರಲ್ಲಿ ನಾನೂರ ಹನ್ನೆರಡು ಮನೆ, ಪ್ರತಿ ಮನೆಯ ಬಾಗಿಲ ಪಕ್ಕ ಕಾಲು ಮೇಲೆ ಮಾಡಿ ಮಗುಚಿಟ್ಟ ಒಂದು ಪುಟ್ಟ ಮರದ ಬೆಂಚು. ಮೂರು ವಾರದಿಂದ ಯಾರೋ ಗುಟ್ಟಾಗಿ ಆ ಬೆಂಚುಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದಾರೆ.

ಕೇಳಿದಾಗ ನನಗೂ ನಗು ಬಂದಿತ್ತು. ಕಂಪನಿಯ ಮಾಲೀಕರಿಗೆ ಬಂದಿರಲಿಲ್ಲ. ಮಗುಚಿದ ಬೆಂಚು ಅವರ ಆಟದ ಗುರುತು. ಪೋಸ್ಟರಿನ ಮೇಲೆ, ಟೀ ಕಪ್ಪಿನ ಮೇಲೆ, ಕೆಲಸದವರ ಟೀ ಶರ್ಟಿನ ಎದೆಯ ಮೇಲೆ, ಎಲ್ಲೆಲ್ಲೂ ನಾಲ್ಕು ಕಾಲು ಮೇಲೆತ್ತಿಕೊಂಡ ಆ ಬೆಂಚೇ.

“ತಿರುಗಿಸಿ ಇಡೋದು ಹತ್ತು ನಿಮಿಷದ ಕೆಲಸ ಮೇಡಂ,” ಎಂದಿದ್ದರು. “ತಿರುಗಿಸ್ತಿರೋ ಕೈ ಯಾವುದು ಅಂತ ನನಗೆ ಬೇಕು. ಶುಕ್ರವಾರ ಸಂಜೆ ಆರಕ್ಕೆ ಆಟ ಹೊರಗೆ ಹೋಗುತ್ತೆ. ಅಷ್ಟರಲ್ಲಿ ನೀವು ಬೇರೆ ಹೆಸರು ಕೊಡದಿದ್ರೆ, ಆ ಹುಡುಗಿ ಮನೆಗೆ.”

ಆ ಹುಡುಗಿ ಅಂದರೆ ಚಿತ್ರಗಾರ್ತಿ. ಆಟದ ಮನೆ, ಬೀದಿ, ಗೋಡೆ, ಕಿಟಕಿ ಎಲ್ಲ ಅವಳ ಕೈಯಲ್ಲಿ ಹುಟ್ಟಿದವು. ಬೆಂಚು ತಿರುಗಿದ್ದೆಲ್ಲ ಅವಳ ಕಂಪ್ಯೂಟರಿನಿಂದ, ಅವಳ ಪಾಸ್‌ವರ್ಡಿನಿಂದ, ಮಧ್ಯಾಹ್ನ ಒಂದರಿಂದ ಒಂದೂವರೆಯ ಒಳಗೆ. ಆ ಹೊತ್ತಿನಲ್ಲಿ ತಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಊಟ ಮಾಡುತ್ತಿದ್ದೆ ಅನ್ನುತ್ತಾಳೆ. ಒಬ್ಬಳೇ ಕೂತದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ಅವಳ ಮೇಲೆ ದೂರು ಬರೆದ ಕಾಗದವನ್ನು ಮಾಲೀಕರು ಆಗಲೇ ತಯಾರು ಮಾಡಿ ಇಟ್ಟಿದ್ದರು. ಅದು ಹೊರಗೆ ಹೋದರೆ ಈ ಕಸುಬಿನಲ್ಲಿ ಅವಳನ್ನು ಇನ್ನು ಯಾರೂ ಹತ್ತಿರ ಸೇರಿಸುವುದಿಲ್ಲ.

ಇವತ್ತು ಶುಕ್ರವಾರ. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು.

“ಎಲ್ಲಾ ಮನೆ ಕಿಟಕಿಯಲ್ಲೂ ಅದೇ ಒಬ್ಬ ಮನುಷ್ಯ ಇದ್ದಾನಲ್ಲೇ,” ಎಂದರು ಅತ್ತೆ. ಕತ್ತಿ ಹಿಡಿದ ವೀರನನ್ನು ಅವರು ನೆಂಟರ ಮನೆಗೆ ಹೊರಟವನಂತೆ ಮನೆಯಿಂದ ಮನೆಗೆ ನಡೆಸುತ್ತಿದ್ದರು. ಮೂರು ದಿನದಲ್ಲಿ ಒಬ್ಬ ಶತ್ರುವನ್ನೂ ಕೊಂದಿರಲಿಲ್ಲ.

“ಅದು ಬರೀ ಕೊಳೆ ಕಲೆ ಅಜ್ಜಿ,” ಎಂದಳು ಚಿತ್ರಗಾರ್ತಿ. ಅತ್ತು ಅತ್ತು ಅವಳ ದನಿ ಒಡೆದಿತ್ತು. “ಫೋಟೋದಲ್ಲಿ ಗಾಜಿನ ಮೇಲೆ ಹಾಗಿತ್ತು, ನಾನೂ ಹಾಗೇ ಬರೆದೆ. ನಂಗೆ ಕೊಟ್ಟಿದ್ದು ಒಂದೇ ಫೋಟೋ. ಇನ್ನೂ ಬೇಕು ಸರ್ ಅಂತ ಕೇಳ್ದೆ. ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂದ್ರು.”

“ಒಂದಗುಳಿಂದ ನಾನೂರ ಹನ್ನೆರಡು ಜನಕ್ಕೆ ಬಡಿಸಿದ್ದೀಯ ಅನ್ನು.”

ಆ ಮಾತಿಗೆ ಹುಡುಗಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಎದ್ದು ತನ್ನ ಕುರ್ಚಿಗೆ ಹೋಗಿ ಕೂತಳು. ಕೂತ ಕೂಡಲೇ ಕುರ್ಚಿಯ ಕೆಳಗಿನ ಹಿಡಿಕೆ ಎಳೆದು ಎತ್ತರ ಮಾಡಿಕೊಂಡಳು.

“ಕುರ್ಚಿ ಯಾಕೆ ಇಳಿದಿತ್ತು?” ಎಂದು ಕೇಳಿದೆ.

“ಹಾಳಾಗಿದೆ ಮೇಡಂ. ದಿನಾ ಊಟ ಮುಗಿಸಿ ಬರೋ ಹೊತ್ತಿಗೆ ತಾನೇ ಇಳಿದಿರುತ್ತೆ.”

ನಾನು ಹೋಗಿ ಕೂತು ನೋಡಿದೆ. ನನ್ನ ಭಾರಕ್ಕೂ ಅದು ಒಂದು ಕೂದಲೆಳೆಯಷ್ಟು ಇಳಿಯಲಿಲ್ಲ. ಅಂದರೆ ಯಾರೋ ದಿನವೂ, ಇವತ್ತು ನಾವು ಊಟಕ್ಕೆ ಹೋದಾಗಲೂ, ಇಳಿಸಿಕೊಂಡು ಕೂರುತ್ತಿದ್ದರು.

ಅತ್ತೆ ಅಷ್ಟರಲ್ಲಿ ಆಟ ಬಿಟ್ಟು ಗೋಡೆಯ ಬೋರ್ಡಿನ ಹತ್ತಿರ ಹೋಗಿದ್ದರು. ಅಲ್ಲಿ ಕೆಂಪು ಪಿನ್ನಿಗೆ ಸಿಕ್ಕಿಸಿದ ಒಂದು ಫೋಟೋ ಇತ್ತು. ಹುಡುಗಿ ಹೇಳುತ್ತಿದ್ದ ಒಂದೇ ಫೋಟೋ ಅದೇ. ಕಲ್ಲಿನ ಮನೆ, ಮಗುಚಿದ ಬೆಂಚು, ಅಂಗಳದಲ್ಲಿ ಒಂದಷ್ಟು ಜನ. ಮೂರು ದಿನದಿಂದ ನಾನು ಅದರ ಮುಂದೆ ನೂರು ಸಲ ಓಡಾಡಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ಸುಮ್ಮನೆ ನೋಡಿದರು.

“ಇದು ಸಾವಿನ ಮನೆ ಕಣೇ.”

“ಅದು ಹೇಗೆ ಹೇಳ್ತೀರಿ? ಅವರ ಪದ್ಧತಿ ನಿಮಗೇನು ಗೊತ್ತು?”

“ಪದ್ಧತಿ ಯಾಕೆ ಬೇಕು? ಬಾಗಿಲ ಹೊರಗೆ ಹದಿನೈದು ಜೊತೆ ಚಪ್ಪಲಿ ಬಿದ್ದಿದೆ, ಒಂದು ಜೊತೆನೂ ನೆಟ್ಟಗಿಲ್ಲ. ಮದುವೆ ಮನೆಗೆ ಬಂದವರು ಹೊಸ ಚಪ್ಪಲಿ ಅಂತ ಜೋಪಾನವಾಗಿ ಬಿಡ್ತಾರೆ. ಇಲ್ನೋಡು, ಪಕ್ಕದ ಮನೆಯವಳು ಪಾತ್ರೆಗೆ ಬಟ್ಟೆ ಮುಚ್ಚಿ ತರ್ತಾ ಇದ್ದಾಳೆ. ಈ ಮನೆಯಲ್ಲಿ ಒಲೆ ಹೊತ್ತಿಲ್ಲ. ಫೋಟೋ ತೆಗೀತಿದ್ರೂ ಒಬ್ಬರೂ ತಲೆ ಎತ್ತಿಲ್ಲ. ನಿಮ್ಮ ಮಾವ ಹೋದ ದಿನ ನಮ್ಮನೆ ಹೀಗೇ ಇತ್ತು.”

ನಾನು ಫೋಟೋ ನೋಡಿದೆ, ಪರದೆ ನೋಡಿದೆ. ಆಟದಲ್ಲಿ ಊರ ಜನ ತಲೆ ತಗ್ಗಿಸಿ ಸಾಲಾಗಿ ನಡೆಯುತ್ತಿದ್ದರು. ‘ವಿನಯವಂತರು, ಮೃದು ಸ್ವಭಾವದವರು’ ಎಂದು ಜಾಹೀರಾತಿನಲ್ಲಿ ಹೊಗಳಿದ್ದ ಜನ. ನಾನೂರ ಹನ್ನೆರಡು ಮನೆಯಲ್ಲೂ ಹೆಣ ಎದ್ದಿಲ್ಲ, ನಮ್ಮ ವೀರ ಮಾತ್ರ ಒಳಗೆ ನುಗ್ಗಿ ಮಡಕೆ ಒಡೆದು ಅಂಕ ಎಣಿಸುತ್ತಿದ್ದಾನೆ. ನನ್ನ ಕೈಯಲ್ಲಿದ್ದ ಟೀ ಕಪ್ಪಿನ ಮೇಲೂ ಅದೇ ಬೆಂಚಿತ್ತು. ಕಪ್ಪನ್ನು ಕೆಳಗಿಟ್ಟೆ.

“ಯಾರ ಸಾವು?” ಎಂದು ಬಾಗಿಲಲ್ಲಿ ದನಿ ಕೇಳಿತು.

ಮಾಲೀಕರು ಬಂದಿದ್ದರು. ಬಂದವರೇ ಬೋರ್ಡಿಗೆ ಒರಗಿ, ಎಡಗಾಲಿನ ಮೇಲೆ ನಿಂತು, ಬಲಪಾದದಿಂದ ಎಡಗಾಲಿನ ಹಿಂಬದಿಯನ್ನು ಉಜ್ಜಿಕೊಳ್ಳತೊಡಗಿದರು. ಯೋಚನೆ ಹತ್ತಿದರೆ ಅವರು ನಿಲ್ಲುವುದೇ ಹಾಗೆ. ಅತ್ತೆ ಅವರಿಗೆ ಮೊದಲ ದಿನವೇ ‘ಕೊಕ್ಕರೆ’ ಎಂದು ಹೆಸರಿಟ್ಟಿದ್ದರು, ಸದ್ಯ ಅವರ ಕಿವಿಗೆ ಬಿದ್ದಿರಲಿಲ್ಲ.

“ಈ ಫೋಟೋ ನಿಮಗೆಲ್ಲಿ ಸಿಕ್ತು ಸರ್?” ಎಂದೆ.

“ಯಾವುದೋ ಹಳೇ ಪುಸ್ತಕದ ಅಂಗಡಿಯಲ್ಲಿ. ನಾನಂತೂ ಆ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಪಾಸ್‌ಪೋರ್ಟೇ ಮಾಡಿಸಿಲ್ಲ.” ಅವರು ಎದೆ ಉಬ್ಬಿಸಿದರು. “ಹೋಗಿ ನೋಡಿ ಮಾಡೋದರಲ್ಲಿ ಏನು ದೊಡ್ಡಸ್ತಿಕೆ? ಹೋಗದೇ ಒಂದು ದೇಶ ಕಟ್ಟಿದ್ದೀನಿ.”

“ಆ ಬೆಂಚು ಸಾವಿನ ಗುರುತಿರಬಹುದು.”

“ನಮ್ಮ ಸಲಹೆಗಾರರು ಸ್ವಾಗತದ ಗುರುತು ಅಂದಿದ್ದಾರೆ. ಅವರು ಅಲ್ಲಿಯವರೇ. ನಿಮಗಿಂತ ಅವರಿಗೆ ಗೊತ್ತು.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅವರು ಗಡಿಯಾರದ ಕಡೆ ಬೆರಳು ತೋರಿಸಿ, ಇನ್ನಷ್ಟು ಹೊತ್ತು ಬೋರ್ಡಿಗೆ ಒರಗಿ ನಿಂತು, ಹೊರಟುಹೋದರು.

ನಾನು ಸಲಹೆಗಾರರನ್ನು ಕರೆಸಿದೆ.

ಎಲ್ಲರೂ ಅವರನ್ನು ‘ಗುರುಗಳು’ ಅನ್ನುತ್ತಿದ್ದರು. ಐವತ್ತು ದಾಟಿದ, ದಪ್ಪ ಮೀಸೆಯ, ಬಹಳ ಕುಳ್ಳಗಿನ ಮನುಷ್ಯ. ತಲೆಗೆ ಯಾವಾಗಲೂ ಒಂದು ಉಣ್ಣೆಯ ಟೋಪಿ. ಆಟದಲ್ಲಿ ಆ ಜನ ಹೇಗೆ ನಡೆಯಬೇಕು, ಹೇಗೆ ಕೈ ಮುಗಿಯಬೇಕು, ಹೇಗೆ ಅಳಬೇಕು ಎಂದು ಮೂರು ವರ್ಷದಿಂದ ಹೇಳಿಕೊಟ್ಟವರು ಇವರೇ.

“ಕೂತ್ಕೊಳ್ಳಿ ಗುರುಗಳೇ,” ಎಂದು ಚಿತ್ರಗಾರ್ತಿಯ ಕುರ್ಚಿ ತೋರಿಸಿದೆ.

ಅವರು ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ಕೆಳಗೆ ನೋಡದೆಯೇ ಅವರ ಬಲಗೈ ನೇರವಾಗಿ ಹಿಡಿಕೆಗೆ ಹೋಯಿತು. ಕುರ್ಚಿ ಇಳಿದು ಪಾದ ನೆಲ ಮುಟ್ಟಿತು. ಆಮೇಲೆ ಅವರು ತಲೆ ಎತ್ತಿದರೆ ನಾವು ಮೂವರೂ ಅವರ ಕೈಯನ್ನೇ ನೋಡುತ್ತಿದ್ದೆವು.

“ಹಿಡಿಕೆ ಹುಡುಕೋಕೆ ನನಗೆ ಎರಡು ನಿಮಿಷ ಬೇಕಾಯ್ತು. ನಿಮ್ಮ ಕೈಗೆ ರೂಢಿ ಇದೆ.”

“ಎಲ್ಲಾ ಕುರ್ಚಿಲೂ ಅಲ್ಲೇ ಇರುತ್ತಮ್ಮ,” ಎಂದರು. ಹೇಳುತ್ತಾ ಹಿಡಿಕೆ ಹಿಡಿದ ಕೈಯನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ಈ ಹುಡುಗಿಯ ಕೆಲಸ ಹೋಗುತ್ತೆ ಗುರುಗಳೇ. ಇನ್ನು ಒಂದು ಗಂಟೆಯಲ್ಲಿ.”

ಅವರು ಹುಡುಗಿಯ ಮುಖ ನೋಡಿದರು. ನಾನು ಇನ್ನಷ್ಟು ಜಗ್ಗಬೇಕಾಗುತ್ತದೆ ಅಂದುಕೊಂಡಿದ್ದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆ ಬೋಳಾಗಿತ್ತು, ಟೋಪಿ ಇಲ್ಲದೆ ಅವರು ಬೇರೆ ಯಾರೋ ಆಗಿ ಕಂಡರು.

“ನಾನೇ ಮಾಡಿದ್ದು. ಇವಳ ಮೇಲೆ ಬರುತ್ತೆ ಅಂತ ನಂಗೆ ಹೊಳೀಲಿಲ್ಲ. ಬಂದ ಮೇಲೆ ಬಾಯಿ ಬಿಡೋಕೆ ಧೈರ್ಯ ಆಗಲಿಲ್ಲ.”

“ನಿಮ್ಮ ಜನರ ಮನೆ ತಪ್ಪಾಗಿ ತೋರಿಸಿದ್ದಾರೆ ಅಂತ ಸಂಕಟ ಆಯ್ತಾ?” ಎಂದಳು ಚಿತ್ರಗಾರ್ತಿ.

“ನನ್ನ ಜನ ಎಲ್ಲಮ್ಮಾ? ನಾನು ಬೆಟ್ಟ ಹತ್ತಿದವನೇ ಅಲ್ಲ. ನನ್ನೂರು ಸಮುದ್ರದ ದಡ.”

ಅವರು ತೊಡೆಯ ಮೇಲಿನ ಟೋಪಿಯನ್ನು ತಿರುಗಿಸುತ್ತಾ ಮುಂದುವರಿಸಿದರು.

“ಮೂರು ವರ್ಷದ ಹಿಂದೆ ನಿಮ್ಮ ನೀರಿನ ಯಂತ್ರ ರಿಪೇರಿ ಮಾಡೋಕೆ ಬಂದಿದ್ದೆ. ನೆಗಡಿ ಅಂತ ಟೋಪಿ ಹಾಕಿದ್ದೆ. ಮಾಲೀಕರು ಮೀಸೆ ನೋಡಿದ್ರು, ಟೋಪಿ ನೋಡಿದ್ರು, ‘ನೀವು ಆ ಬೆಟ್ಟದ ನಾಡಿನವರಾ?’ ಅಂದ್ರು. ಹೌದು ಅಂದ್ರೆ ಖುಷಿ ಪಡೋ ಹಾಗಿತ್ತು ಅವರ ಮುಖ. ಹೌದು ಅಂದೆ. ಆವತ್ತಿಂದ ಬೇಸಿಗೆಯಲ್ಲೂ ಟೋಪಿ ತೆಗೆದಿಲ್ಲ.”

“ಅವರ ನಮಸ್ಕಾರ? ಕತ್ತು ಎಡಕ್ಕೆ ವಾಲಿಸಿ ಮಾಡೋದು?” ಹುಡುಗಿಯ ದನಿ ಮೇಲೇರಿತು. “ಅದನ್ನ ಬರೆಯೋಕೆ ಎರಡು ತಿಂಗಳು ಕೂತಿದ್ದೀನಿ ಗುರುಗಳೇ.”

“ಆವತ್ತು ನನಗೆ ಕತ್ತು ಹಿಡ್ಕೊಂಡಿತ್ತಮ್ಮ. ನೀವೆಲ್ಲ ಸುತ್ತ ನಿಂತು ಬರ್ಕೊಂಡ್ರಿ. ಬೇಡ ಅನ್ನೋಕೆ ಹೇಗೆ ಬಾಯಿ ಬರುತ್ತೆ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಎತ್ತಿಗೆ ಸಲಹೆಗಾರ ಎಂಬ ಹುದ್ದೆ ಕೊಟ್ಟು ಮೂರು ವರ್ಷ ಹಾಲು ಕರೆದಿದ್ದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ.

ಗುರುಗಳು ನಗಲಿಲ್ಲ. ಅಂಗಿಯ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಎರಡು ಹಾಳೆ ತೆಗೆದರು.

“ಆಟದ ಜಾಹೀರಾತು ಬಂದ ಮೇಲೆ ಈ ಕಾಗದ ಬಂತು. ಆ ನಾಡಿನಿಂದ ಏನೇ ಬಂದ್ರೂ ನನ್ನ ಮೇಜಿಗೆ ಕಳಿಸ್ತಾರೆ. ನಂಗೆ ಅವರ ಅಕ್ಷರ ಒಂದೂ ಬರಲ್ಲ. ಭಾಷಾಂತರ ಮಾಡೋರ ಹತ್ರ ಹೋಗಿ ನಮ್ಮ ಭಾಷೆಗೆ ಬರೆಸ್ಕೊಂಡೆ. ಓದಿದ ಮೇಲೆ ಊಟ ಸೇರಲಿಲ್ಲ. ಮಾಲೀಕರಿಗೆ ತೋರಿಸಿದ್ರೆ ನನ್ನ ಬಂಡವಾಳ ಬಯಲಾಗುತ್ತೆ ಅಂತ ಜೇಬಲ್ಲೇ ಇಟ್ಕೊಂಡೆ.”

ನಾನು ಗಟ್ಟಿಯಾಗಿ ಓದಿದೆ.

‘ನೀವು ತೋರಿಸುತ್ತಿರುವುದು ನಮ್ಮ ಮನೆ. ಬಾಗಿಲ ಬೆಂಚು ನಮ್ಮ ತಾತ ಮಾಡಿದ್ದು. ಮನೆಯಲ್ಲಿ ಸಾವಾದರೆ ನಮ್ಮಲ್ಲಿ ಬೆಂಚು ಮಗುಚುತ್ತೇವೆ, ಮೂರು ದಿನ ಯಾರೂ ತಲೆ ಎತ್ತುವುದಿಲ್ಲ. ಆ ದಿನ ಸತ್ತದ್ದು ನನ್ನ ಅಣ್ಣ. ನನಗಾಗ ಹತ್ತು ವರ್ಷ.

‘ಹೊರಗಿನಿಂದ ಬಂದ ಒಬ್ಬ ಯುವಕನಿಗೆ ದಾರಿ ತೋರಿಸಲು ಅಣ್ಣ ಬೆಟ್ಟಕ್ಕೆ ಹೋಗಿದ್ದ. ಸಂಜೆ ಅಣ್ಣನ ದೇಹ ಮಾತ್ರ ಕಣಿವೆಯಲ್ಲಿ ಸಿಕ್ಕಿತು. ಆ ಯುವಕನೂ ಸತ್ತನೆಂದು ನಮ್ಮವರು ಹಲವು ದಿನ ಹುಡುಕಿದರು. ಅವನಿಗಾಗಿ ಅಳುವವರು ಯಾರೂ ಇಲ್ಲವಲ್ಲ ಎಂದು ನಮ್ಮಮ್ಮ ಅವನ ಹೆಸರಿನಲ್ಲೂ ಒಂದು ಬೆಂಚು ಮಗುಚಿದಳು.

‘ಅಂದು ನಮ್ಮೂರಿನಲ್ಲಿ ಕ್ಯಾಮೆರಾ ಇದ್ದದ್ದು ಅವನ ಹತ್ತಿರ ಮಾತ್ರ. ಫೋಟೋ ನೋಡದೆ ನಮ್ಮ ಮನೆಯನ್ನು ಹೀಗೆ ಬರೆಯಲಾಗದು. ಮಾರನೆಯ ದಿನ ನಮ್ಮ ಅಂಗಳದ ಎದುರು ನಿಂತು ಆ ಫೋಟೋ ತೆಗೆದವನು ಯಾರು?

‘ಸತ್ತವನ ಜೊತೆ ಕೊನೆಗೆ ನಡೆದವನು ಬಂದು ನಡೆದದ್ದನ್ನು ಹೇಳುವವರೆಗೆ ನಾವು ಬೆಂಚು ಎತ್ತುವಂತಿಲ್ಲ. ಬೇರೆ ಮನೆಗಳ ಬೆಂಚು ನೆಟ್ಟಗೆ ಮಾಡಿ, ಅವರೆಲ್ಲ ಚೆನ್ನಾಗಿದ್ದಾರೆ. ನಮ್ಮದು ಹಾಗೇ ಇರಲಿ.’

ಓದಿ ಮುಗಿಸಿದೆ. ತಲೆ ತಗ್ಗಿಸಿದ ಜನರ ಎದುರಿಗೇ ಒಬ್ಬ ಬದುಕಿ ನಿಂತಿದ್ದ, ಯಾರೂ ಅವನನ್ನು ನೋಡಲಿಲ್ಲ.

“ಅದಕ್ಕೇ ದಿನಾ ಊಟದ ಹೊತ್ತಲ್ಲಿ ಬಂದು ಒಂದೊಂದೇ ಎತ್ತಿಟ್ಟೆ, ಕೊನೇ ಮನೆಯದೊಂದು ಬಿಟ್ಟು,” ಎಂದರು ಗುರುಗಳು. “ಪಾಸ್‌ವರ್ಡು ಕೀಬೋರ್ಡಿನ ಕೆಳಗೇ ಅಂಟಿಸಿದ್ಯಲ್ಲಮ್ಮ.”

“ಒಂದೇ ಸಲಕ್ಕೆ ಎಲ್ಲಾ ತಿರುಗಿಸೋ ಬಟನ್ ಇತ್ತು ಗುರುಗಳೇ.”

“ಹೌದಾ?” ಎಂದು ಅವರು ಬಹಳ ನೊಂದುಕೊಂಡರು.

ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ತಮ್ಮ ಚೀಲದ ತಳಕ್ಕೆ, ಮಾತ್ರೆ ಡಬ್ಬಿಯ ಕೆಳಗೆ ಸೇರಿಸಿದರು. ಆಮೇಲೆ ಆಟದ ಮುಂದೆ ಕೂತು ವೀರನನ್ನು ನಡೆಸಿಕೊಂಡು ಹೋದರು. ಬೀದಿಯ ಕೊನೆಯಲ್ಲಿ ನಾನೂರ ಹನ್ನೆರಡನೆಯ ಮನೆ. ಅಲ್ಲಿ ಬೆಂಚು ಮಗುಚಿಯೇ ಇತ್ತು. ಅವರು ಒಳಗೆ ನುಗ್ಗಲಿಲ್ಲ, ಕಿಟಕಿಯ ಮುಂದೆ ನಿಂತರು.

“ಪುಟ್ಟಿ, ಈ ನಿನ್ನ ಕಲೆಯನ್ನ ಸ್ವಲ್ಪ ದೊಡ್ಡದು ಮಾಡ್ತೀಯಾ?”

ಹುಡುಗಿ ದೊಡ್ಡದು ಮಾಡುತ್ತಿದ್ದಾಗ ಬಾಗಿಲು ತೆರೆಯಿತು. ಆರಕ್ಕೆ ಹತ್ತು ನಿಮಿಷವಿತ್ತು.

“ಹೆಸರು?” ಎಂದರು ಮಾಲೀಕರು.

ಗುರುಗಳು ಟೋಪಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು. “ನಾನೇ ಸರ್. ಇವಳದ್ದೇನೂ ತಪ್ಪಿಲ್ಲ.”

ಮಾಲೀಕರು ಅವರ ಬೋಳು ತಲೆಯನ್ನು ನೋಡಿ ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ದೊಡ್ಡದಾಗಿ ನಕ್ಕುಬಿಟ್ಟರು. “ನೀವಾ? ಸರಿ, ಪೀಡೆ ಕಳೀತು. ನಿಮ್ಮನ್ನ ಆಮೇಲೆ ನೋಡ್ಕೊಳ್ತೀನಿ. ನೀನು ಅಳಬೇಡಮ್ಮ, ನಿನ್ನ ಕೆಲಸ ಎಲ್ಲೂ ಹೋಗಲ್ಲ. ಬೆಂಚು ತಿರುಗಿಸು, ಕಳಿಸಿಬಿಡೋಣ.”

ಹೇಳುತ್ತಾ ಬಂದು ಹುಡುಗಿಯ ಹಿಂದೆ ನಿಂತರು. ಬಲಪಾದ ಮೇಲೆ ಹೋಗಿ ಎಡಗಾಲನ್ನು ಉಜ್ಜತೊಡಗಿತು.

“ಬಾಪ್ಪ,” ಎಂದರು ಅತ್ತೆ. “ಇವನನ್ನ ಎಲ್ಲೋ ನೋಡಿದ ಹಾಗಿದೆ. ನನ್ನ ಕಣ್ಣು ಮಂಜು, ನೀನೇ ಹೇಳು.”

ಪರದೆಯ ತುಂಬ ಕಿಟಕಿಯ ಗಾಜು. ಗಾಜಿನಲ್ಲಿ ಅಂಗಳದ ಆಚೆಯ ದಾರಿಯ ಪ್ರತಿಬಿಂಬ. ದಾರಿಯಲ್ಲಿ, ಮುಖಕ್ಕೆ ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ. ಅವನು ಒಂಟಿ ಕಾಲಿನ ಮೇಲೆ ನಿಂತಿದ್ದ. ಇನ್ನೊಂದು ಪಾದ ಆ ಕಾಲಿನ ಹಿಂಬದಿಗೆ ಒತ್ತಿಕೊಂಡಿತ್ತು.

ನಾನು ಪರದೆ ನೋಡಿದೆ, ಮಾಲೀಕರನ್ನು ನೋಡಿದೆ. ಚಿತ್ರಗಾರ್ತಿಯೂ ತಿರುಗಿ ನೋಡಿದಳು. ಹುಡುಗಿ ಎಷ್ಟು ನಿಯತ್ತಿನಿಂದ ಬರೆದಿದ್ದಳೆಂದರೆ, ಮೊಣಕಾಲಿನ ಮಡಿಕೆ ಕೂಡ ತಪ್ಪಿರಲಿಲ್ಲ.

ಮಾಲೀಕರ ಬಲಗಾಲು ನಿಧಾನವಾಗಿ ಕೆಳಗಿಳಿಯಿತು. ಮೂರು ದಿನದಲ್ಲಿ ಮೊದಲ ಸಲ ಅವರು ಎರಡೂ ಕಾಲ ಮೇಲೆ ನಿಂತಿದ್ದರು.

“ಈ ಕಲೆ ಅಳಿಸು,” ಎಂದರು. ದನಿ ಬಹಳ ಮೆತ್ತಗಿತ್ತು. “ಎಲ್ಲಾ ಮನೆ ಕಿಟಕಿಯಿಂದಲೂ. ಆರು ಹೊಡೆಯೋದರೊಳಗೆ. ಅಳಿಸಿದ್ರೆ ನಿನ್ನ ಕೆಲಸ ಉಳಿಯುತ್ತೆ.”

ನಾನು ಬೋರ್ಡಿನ ಕಡೆ ತಿರುಗಿದೆ. ಕೆಂಪು ಪಿನ್ನು ಇತ್ತು, ಫೋಟೋ ಇರಲಿಲ್ಲ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಪತ್ತೇದಾರಿಣಿಯ ಬೆನ್ನ ಹಿಂದೆಯೇ, ಮಾಲೀಕರು ಬೋರ್ಡಿಗೆ ಒರಗಿ ನಿಂತಾಗಲೇ, ಅದು ಹೋಗಿತ್ತು. ಇನ್ನು ಕಾಗದದ ಆ ಯುವಕ ಉಳಿದಿರುವುದು ಈ ಕಿಟಕಿಗಳಲ್ಲಿ ಮಾತ್ರ.

ಹುಡುಗಿಯ ಕೈ ಮೌಸಿನ ಮೇಲಿತ್ತು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

“ಕಲೆ ಆದ್ರೆ ಅಳಿಸ್ತೀನಿ ಸರ್,” ಎಂದಳು. “ಮನುಷ್ಯ ಆದ್ರೆ, ಯಾರು ಅಂತ ಮೊದಲು ಹೇಳಿ.”

ಮಾಲೀಕರು ಹಿಂದೆ ಹಿಂದೆ ನಡೆದು ಬಾಗಿಲ ಹತ್ತಿರ ಹೋದರು, ನಮ್ಮ ಕಡೆ ನೋಡುತ್ತಲೇ ಒಳಗಿನಿಂದ ಚಿಲಕ ಹಾಕಿದರು.